ಹಳೆಯ ವಿದ್ಯಾರ್ಥಿಯಾದ ಮೇಷ್ಟ್ರು

ನಮ್ಮ ಪಿ.ಜಿ. ಸೆಂಟರಿಗೆ ಹೆಸರುವಾಸಿಯಾದ ಹಳೆಯ ವಿದ್ಯಾರ್ಥಿಗಳು ತುರ್ತಾಗಿ ಬೇಕಾಗಿದ್ದರು. ಐದು ಜನ ಸಿಕ್ಕಿದರೂ ಸಾಕು, ಆದರೆ ಫೋಟೋದಲ್ಲಿ ಗಂಭೀರವಾಗಿ ಕಾಣುವಂಥವರು ಬೇಕು ಎಂದು ಡೈರೆಕ್ಟರ್ ಮೋಹನ್‌ಬಾಬು ಸರ್ ಹೇಳಿದರು.

ಉತ್ತರ ಪಿನಾಕಿನಿ ವಿಶ್ವವಿದ್ಯಾಲಯ ಸರ್ಕಾರದ್ದು. ಗೌರಿಬಿದನೂರಿನಲ್ಲಿ ರೈಲ್ವೆ ಗೇಟ್ ದಾಟಿ ಸ್ವಲ್ಪ ಮುಂದೆ ಹೋದರೆ ಅದರ ಸ್ನಾತಕೋತ್ತರ ಕೇಂದ್ರ. ನಮಗೆ ಗ್ರೇಡ್ ಕೊಡಲು ಹೊರ ರಾಜ್ಯದಿಂದ ಮೂವರು ಪ್ರೊಫೆಸರುಗಳ ತಂಡ ಬರುವುದಿತ್ತು. ಅವರು ಲೈಬ್ರರಿ ನೋಡುತ್ತಾರೆ, ಶೌಚಾಲಯ ನೋಡುತ್ತಾರೆ, ಕೊನೆಗೆ ನಿಮ್ಮಲ್ಲಿ ಓದಿದವರು ಏನೇನಾಗಿದ್ದಾರೆ ಎಂದು ಕೇಳುತ್ತಾರೆ. ಲೈಬ್ರರಿಗೆ ಇನ್ನೊಂದು ಸೆಂಟರಿನಿಂದ ಟೆಂಪೋದಲ್ಲಿ ಪುಸ್ತಕ ಬಂದವು. ಶೌಚಾಲಯಕ್ಕೆ ಬಾಗಿಲು ಬಂತು. ಹಳೆಯ ವಿದ್ಯಾರ್ಥಿಗಳನ್ನು ಮಾತ್ರ ಟೆಂಪೋದಲ್ಲಿ ತರಿಸಲು ಆಗುವುದಿಲ್ಲವಲ್ಲ, ಅದಕ್ಕೆ ಆ ಕೆಲಸ ಎಂ.ಎ. ಇತಿಹಾಸ ಓದುತ್ತಿದ್ದ ನಮ್ಮ ಮೂವರ ತಲೆಗೆ ಬಿತ್ತು. ನಾನು, ಚಿಂತಾಮಣಿಯ ಸಲ್ಮಾನ್, ಶಿಡ್ಲಘಟ್ಟದ ಸಾಬ್ರೀನ್.

ಕ್ಯಾಂಟೀನಿನಲ್ಲಿ ಕೂತು ಫೋನ್ ಮಾಡಿದೆವು. ನಮ್ಮಲ್ಲಿ ಓದಿ ಸಬ್‌ಇನ್ಸ್‌ಪೆಕ್ಟರ್ ಆಗಿದ್ದ ಅಕ್ಕ ಒಬ್ಬರು ಸ್ಪೀಕರ್ ಫೋನಿನಲ್ಲೇ ಬೈದರು.

"ಲೇ, ನಾನಲ್ಲಿ ಓದಿದ್ದು ಅಂತ ಯಾರಿಗೂ ಹೇಳ್ಬೇಡ್ರಮ್ಮ. ನಮ್ಮೆಜಮಾನ್ರಿಗೆ ಬೆಂಗ್ಳೂರಲ್ಲಿ ಓದಿದ್ದು ಅಂತ ಹೇಳಿದೀವಿ."

ಧಾರಾವಾಹಿಗಳಲ್ಲಿ ಮದುವೆ ಸೀನಿಗೆ ಮಾತ್ರ ಬರುವ ಪುರೋಹಿತರ ಪಾತ್ರಧಾರಿ ಒಬ್ಬರು ತಕ್ಷಣ ಒಪ್ಪಿದರು. ಪುರಸಭೆಯ ಸದಸ್ಯರೊಬ್ಬರು ಒಪ್ಪಿದರು, ಅವರು ಪಾಸಾಗಿರಲಿಲ್ಲ, ಆದರೆ ಓದಿದ್ದು ನಿಜ. ಗುಲಾಬಿ ಬೆಳೆಯುವ ಅಕ್ಕಯ್ಯಮ್ಮ ಎಂಬುವರು ಒಪ್ಪಿದರು. ಊಟದ ರೀಲ್ಸ್ ಮಾಡುವ ನರೇಂದ್ರ ಒಪ್ಪಿದಾಗಲಂತೂ ನಾವು ಕ್ಯಾಂಟೀನಿನಲ್ಲೇ ಕಿರುಚಿದೆವು. ಒಂದೇ ಕೂತಲ್ಲಿ ನಾಟಿ ಕೋಳಿ ಒಂದು, ರಾಗಿ ಮುದ್ದೆ ಆರು ಮುಗಿಸುವ ನರೇಂದ್ರನಿಗೆ ನಮ್ಮ ಇಡೀ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗಿಂತ ಹೆಚ್ಚು ಫಾಲೋವರ್ಸ್ ಇದ್ದಾರೆ.

ಡೈರೆಕ್ಟರ್ ನಾಲ್ಕೂ ಹೆಸರು ಕೇಳಿ ಕನ್ನಡಕ ತೆಗೆದರು.

"ಪುರೋಹಿತ, ಪುರಸಭೆ, ಗುಲಾಬಿ, ಕೋಳಿ. ಇದು ಯೂನಿವರ್ಸಿಟಿನಾ, ಮದ್ವೆ ಛತ್ರಾನಾ? ಓದು ಬರಹ ಇರೋನು ಒಬ್ಬನೂ ಸಿಗ್ಲಿಲ್ವೇನಮ್ಮ ಸೌಜನ್ಯ?"

"ರವಣಪ್ಪ ಸರ್ ಇದ್ದಾರಲ್ಲ ಸರ್" ಎಂದೆ ನಾನು. ತಮಾಷೆಗೆ ಅಂದಿದ್ದು. ಡೈರೆಕ್ಟರ್ ಕನ್ನಡಕ ಮತ್ತೆ ಹಾಕಿಕೊಂಡರು.

ವೆಂಕಟರವಣಪ್ಪ ಸರ್ ನಮಗೆ ಶಾಸನ ಪಾಠ ಮಾಡುವ ಅತಿಥಿ ಉಪನ್ಯಾಸಕರು. ಅಂಬಾಜಿದುರ್ಗದ ಕೆಳಗಿನ ಹಳ್ಳಿಯವರು. ಈ ಸೆಂಟರಿನ ಮೊದಲ ಬ್ಯಾಚಿನಲ್ಲಿ ಮೊದಲ ರ‍್ಯಾಂಕ್ ಬಂದವರು. ಆಮೇಲೆ ಪಿಎಚ್.ಡಿ. ಮಾಡಿದರು, ತಮ್ಮ ಕಡೆಯ ವೀರಗಲ್ಲುಗಳ ಬಗ್ಗೆ ದಪ್ಪ ಪುಸ್ತಕ ಬರೆದರು, ಮತ್ತೆ ಇಲ್ಲಿಗೇ ಬಂದು ವರ್ಷ ವರ್ಷವೂ ಹೊಸದಾಗಿ ಅರ್ಜಿ ಹಾಕಿಕೊಂಡು ಪಾಠ ಮಾಡುತ್ತಲೇ ಉಳಿದರು. ನಮ್ಮನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಹೊಲದ ಬದುವಿನಲ್ಲಿ ಮಲಗಿರುವ ಕಲ್ಲನ್ನು ತೊಳೆಸಿ, ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ಅಕ್ಷರ ಎಬ್ಬಿಸುವುದನ್ನು ಕಲಿಸಿದವರು ಅವರೇ. ಕಾಗದ ಬಡಿಯುವಾಗ, "ಮೆತ್ತಗೆ ಕಣಮ್ಮ, ಮಗೂನ ಮಲಗ್ಸೋ ಹಂಗೆ" ಎನ್ನುತ್ತಿದ್ದರು. ಹಾಸ್ಟೆಲಿನಲ್ಲಿ ಅವರ ದನಿ ಅಣಕಿಸುವುದರಲ್ಲಿ ನಾನೇ ಫಸ್ಟ್.

ಅವರನ್ನು ಚೇಂಬರಿಗೆ ಕರೆಸಿದಾಗ ನಾವು ಮೂವರೂ ಅಲ್ಲೇ ನಿಂತಿದ್ದೆವು.

"ಕೂತ್ಕೊಳ್ಳಿ ರವಣಪ್ಪನವ್ರೇ" ಎಂದರು ಡೈರೆಕ್ಟರ್. ಆ ಕುರ್ಚಿಯಲ್ಲಿ ಅತಿಥಿ ಉಪನ್ಯಾಸಕರು ಕೂರುವುದನ್ನು ನಾವು ನೋಡಿರಲಿಲ್ಲ. ಅವರು ತುದಿಯಲ್ಲಿ ಕೂತರು.

"ಮೊದಲ್ನೇ ಬ್ಯಾಚು, ಮೊದಲ್ನೇ ರ‍್ಯಾಂಕು, ಡಾಕ್ಟರೇಟು, ಪುಸ್ತಕ. ಇವರನ್ನ ಬಿಟ್ಟು ಈ ಮಕ್ಳು ಊರೆಲ್ಲಾ ಹುಡುಕ್ತಾವ್ರೆ ನೋಡಿ."

"ಸಾರ್, ನಾನು ಇಲ್ಲೇ ಕೆಲ್ಸ ಮಾಡೋನಲ್ವಾ?"

"ಅದೇ ತಾಪತ್ರಯ. ಇಂಥೋರನ್ನ ಇಷ್ಟು ವರ್ಷ ಗೆಸ್ಟಾಗೇ ಇಟ್ಕೊಂಡಿದೀರಾ ಅಂತ ಟೀಮ್‌ನೋರು ಕೇಳಿದ್ರೆ ನಾನು ಮುಖ ಎಲ್ಲಿಡ್ಲಿ? ಒಂದು ದಿನ ಅಷ್ಟೇ ಕಣ್ರೀ. ಅವತ್ತು ನೀವು ಇಲ್ಲಿ ಮೇಷ್ಟ್ರಲ್ಲ. ಸಂಶೋಧಕರು, ಲೇಖಕರು, ನಮ್ಮ ಹೆಮ್ಮೆ. ಸ್ಟೇಜ್ ಮೇಲೆ ಕೂರ್ತೀರಿ, ಪೇಟ ಹಾಕ್ತೀವಿ, ಶಾಲು ಹೊದಿಸ್ತೀವಿ."

"ನಾನ್ ಪಾಠ ಮಾಡೋ ಪೇಪರ್‌ಗಳು ಸಾರ್?"

"ಅದನ್ನ ಚೈತನ್ಯ ಹೆಸರಿಗೆ ತೋರಿಸ್ತೀವಿ. ಕಾಗದದ ಮೇಲೆ."

ಚೈತನ್ಯ ಮೇಡಂ ಮೂರು ತಿಂಗಳ ಹಿಂದೆ ಸೇರಿದವರು. ಅವರೂ ಅತಿಥಿಯೇ, ಆದರೆ ಅವರಪ್ಪ ಸಿಂಡಿಕೇಟ್ ಸದಸ್ಯರಾದ್ದರಿಂದ ಅವರನ್ನು ಯಾರೂ ಹಾಗೆ ಕರೆಯುತ್ತಿರಲಿಲ್ಲ. ರವಣಪ್ಪ ಸರ್ ತಮ್ಮ ಅಂಗೈ ನೋಡಿಕೊಂಡರು. ಡೈರೆಕ್ಟರ್ ಮುಂದಕ್ಕೆ ಬಾಗಿದರು.

"ಒಳ್ಳೇ ಗ್ರೇಡ್ ಬಂದ್ರೆ ಇತಿಹಾಸಕ್ಕೆ ಒಂದು ಕಾಯಂ ಪೋಸ್ಟು ಗ್ಯಾರಂಟಿ. ಇಲ್ಲಿ ಪಾಠ ಮಾಡಿರೋ ಸರ್ವಿಸ್‌ಗೆ ಬೇರೆ ಮಾರ್ಕ್ಸು. ನಿಮ್ಮೆದುರಿಗೆ ನಿಲ್ಲೋರ್ಯಾರು ಹೇಳಿ? ಗ್ರೇಡ್ ಬರ್ಲಿಲ್ಲಾಂದ್ರೆ ಪೋಸ್ಟೂ ಇಲ್ಲ, ಏನೂ ಇಲ್ಲ. ನಿಮ್ಗೂ ವಯಸ್ಸು ಮೀರ್ತಾ ಐತೆ."

ಅದು ನಮಗೂ ಗೊತ್ತಿತ್ತು. ಕಾಯಂ ಹುದ್ದೆಗೆ ಅರ್ಜಿ ಹಾಕಲು ಅವರಿಗೆ ಇದೇ ಕೊನೆಯ ವರ್ಷ. ಸರ್ ಒಪ್ಪಿಕೊಂಡರು. ಹೊರಗೆ ಬಂದು ಕಾರಿಡಾರಿನ ಕಂಬಕ್ಕೆ ಒರಗಿ ಹೆಂಡತಿಗೆ ಫೋನ್ ಮಾಡಿದ್ದನ್ನು ನಾವು ಕೇಳಿಸಿಕೊಂಡೆವು.

"ಮಾಲಾ, ನಂಗೆ ಪೇಟ ಹಾಕ್ತಾರಂತೆ ಕಣೇ. ಹ್ಞೂಂ, ನಂಗೇ. ಪೋಸ್ಟೂ ಆಗ್ಬೋದು. ದೊಡ್ಡಮ್ಮಂಗೂ ಹೇಳು."

ಮಾರನೆಯ ದಿನದಿಂದ ರಿಹರ್ಸಲ್. ಡೈರೆಕ್ಟರ್ ನಮ್ಮ ಕ್ಲಾಸಿಗೆ ಬಂದು ಟೀಮಿನವರಂತೆ ಕೈ ಹಿಂದೆ ಕಟ್ಟಿಕೊಂಡು ನಿಂತರು.

"ನಿಮಗೆ ಶಾಸನ ಯಾರು ಹೇಳ್ಕೊಡ್ತಾರೆ?"

"ಚೈತನ್ಯಾ ಮೇಡಂ!"

"ಜೋರಾಗಿ!"

"ಚೈತನ್ಯಾ ಮೇಡಂ!"

ಆಗಲೇ ರವಣಪ್ಪ ಸರ್ ತಮ್ಮ ಪಿರಿಯಡ್ಡಿಗೆಂದು ಬಂದು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಸೀಮೆಸುಣ್ಣ. ನಮಗೆ ನಗು ತಡೆಯಲಾಗಲಿಲ್ಲ. ಡೈರೆಕ್ಟರ್ ಹೋದ ಮೇಲೆ ಸಲ್ಮಾನ್ ಎದ್ದು ನಿಂತ.

"ಸರ್, ಈ ಪಿರಿಯಡ್ ನೀವೇ ತಗೊಳ್ತೀರಾ, ಇಲ್ಲ ನಿಮ್ಗೆ ಇನ್ವಿಟೇಶನ್ ಕೊಡ್ಬೇಕಾ?"

ಸರ್ ಕೂಡ ನಕ್ಕರು. "ಕೂತ್ಕೊಳಪ್ಪ ಸಲ್ಮಾನ್, ಇನ್ವಿಟೇಶನ್ನು ಪ್ರಿಂಟಿಗೆ ಹೋಗೈತೆ."

ಅಷ್ಟೇ ಅಲ್ಲ, ರಿಹರ್ಸಲ್ಲನ್ನು ಆಮೇಲೆ ಅವರೇ ಮಾಡಿಸಿದರು. ಸಾಬ್ರೀನ್‌ಗೆ ಬಾಯಿತಪ್ಪುತ್ತಿತ್ತು. ಎಷ್ಟು ಹೇಳಿಕೊಟ್ಟರೂ "ರವ" ಎಂದು ಶುರುಮಾಡಿ ನಾಲಿಗೆ ಕಚ್ಚುತ್ತಿದ್ದಳು. ಸರ್ ಅವಳ ಬೆಂಚಿನ ಹತ್ತಿರ ಹೋಗಿ ತಾಳ್ಮೆಯಿಂದ ತಿದ್ದಿದರು.

"ಅಲ್ಲಮ್ಮ. ಚೈ. ತ. ನ್ಯ. ಮೇಡಂ. ಮೊದ್ಲು ಮನ್ಸಲ್ಲಿ ಹೇಳ್ಕೋ, ಆಮೇಲೆ ಬಾಯ್ಬಿಡು. ನೀನು ತಪ್ಪಿದ್ರೆ ನನ್ ಪೋಸ್ಟ್ ಹೋಗತ್ತೆ ಕಣಮ್ಮ."

ಚೈತನ್ಯ ಮೇಡಂಗೆ ಗಂಗರ ಕಾಲದ ಲಿಪಿಗೂ ಚೋಳರ ಕಾಲದ ಲಿಪಿಗೂ ವ್ಯತ್ಯಾಸ ಹೇಳಿಕೊಟ್ಟವರೂ ಅವರೇ. ಟೀಮಿನವರು ಕೇಳಿದರೆ ಮೇಡಂ ತಬ್ಬಿಬ್ಬಾಗಬಾರದಲ್ಲ.

ಆ ದಿನ ಬಂತು. ಬ್ಯಾನರಿನಲ್ಲಿ 'ನಮ್ಮ ಹೆಮ್ಮೆಯ ಹಳೆಯ ವಿದ್ಯಾರ್ಥಿಗಳು' ಎಂದು ಐದು ಮುಖಗಳು, ನಡುವೆ ನರೇಂದ್ರ, ಬಲ ತುದಿಯಲ್ಲಿ ಸರ್. ಡಿಸೈನ್ ಮಾಡಿದ್ದು ಸಲ್ಮಾನ್. ಸರ್ ಮುಖವನ್ನು ಅವನು ಎಷ್ಟು ಬೆಳ್ಳಗೆ ಮಾಡಿದ್ದನೆಂದರೆ ಮೀಸೆ ಒಂದೇ ಗುರುತಿಗೆ ಉಳಿದಿತ್ತು. ನರೇಂದ್ರ ಕಾರಿನಿಂದ ಇಳಿದದ್ದೇ ತಡ, ನಾವೆಲ್ಲ ಸೆಲ್ಫಿಗೆ ಮುಗಿಬಿದ್ದೆವು. ಸರ್ ಮಾಮೂಲಿನಂತೆ ಬಸ್ಸಿನಲ್ಲಿ ಬಂದರು. ಹೊಸ ಬಿಳಿ ಷರಟು, ಮಡಿಕೆಯ ಗೆರೆ ಹಾಗೇ ಇತ್ತು. ಅಭ್ಯಾಸಬಲದಿಂದ ಹಾಜರಿ ಹಾಕಲು ಆಫೀಸಿನ ಕಡೆ ನಡೆದವರನ್ನು ನಾನೇ ಓಡಿಹೋಗಿ ತಡೆದೆ.

"ಸರ್, ಗೆಸ್ಟ್‌ಗಳೆಲ್ಲ ಆ ಕಡೆ."

"ನಾನೂ ಗೆಸ್ಟೇ ಅಲ್ವೇನಮ್ಮ ಯಾವಾಗ್ಲೂ" ಎಂದು ಅವರೇ ಜೋಕ್ ಹೊಡೆದರು. ನಾನು ನಕ್ಕು ಅವರನ್ನು ಸೋಫಾದಲ್ಲಿ ಕೂರಿಸಿದೆ.

ತಂಡದ ಅಧ್ಯಕ್ಷರು ಅನಂತಪುರದ ಕಡೆಯ ವಯಸ್ಸಾದ ಪ್ರೊಫೆಸರು, ತೆಲುಗಿನವರು. ಕನ್ನಡ ಅರ್ಥವಾಗುತ್ತಿತ್ತು. ಸೆಮಿನಾರ್ ಹಾಲಿನ ಗೋಡೆಯ ಮೇಲೆ ನಾವು ಕಲ್ಲಿನಿಂದ ತೆಗೆದ ಅಚ್ಚುಗಳನ್ನು ತೂಗುಹಾಕಿದ್ದೆವು. ಅವರು ಪ್ರತಿಯೊಂದರ ಮುಂದೂ ನಿಂತರು. ಒಂದರ ಕೆಳಗೆ ನನ್ನ ಹೆಸರಿತ್ತು. ನನ್ನನ್ನು ಕರೆದು ಓದಲು ಹೇಳಿದರು. ಊರ ದನ ಕದ್ದವರ ಜೊತೆ ಹೋರಾಡಿ ಸತ್ತವನೊಬ್ಬನ ಕಲ್ಲು ಅದು. ನಾನು ಎಲ್ಲೂ ತಡವರಿಸದೆ ಓದಿದೆ. ಅವರ ಮುಖ ಅರಳಿತು.

"ಚಾಲಾ ಬಾಗುಂದಿ ಅಮ್ಮಾ! ನಿನಗೆ ಇದನ್ನ ಯಾರು ಹೇಳಿಕೊಟ್ರು?"

ಸ್ಟೇಜಿನ ಮೇಲೆ ಪೇಟ ಹಾಕಿಕೊಂಡು ಕೂತಿದ್ದ ಸರ್ ನನ್ನನ್ನೇ ನೋಡುತ್ತಿದ್ದರು. ಅವರ ತುಟಿ ಅಲುಗುತ್ತಿತ್ತು, ರಿಹರ್ಸಲ್ಲಿನಲ್ಲಿ ಸಾಬ್ರೀನ್‌ಗೆ ಹೇಳಿಕೊಡುವಾಗ ಅಲುಗಿದ ಹಾಗೆಯೇ.

"ಚೈತನ್ಯಾ ಮೇಡಂ ಸರ್" ಎಂದೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ಸರ್ ಕೂಡ ತಟ್ಟಿದರು. ಅವರಿಗೆ ಸಮಾಧಾನವಾದದ್ದು ಕಾಣಿಸಿತು. ಚೈತನ್ಯ ಮೇಡಂ ಎದ್ದು ಕೈ ಮುಗಿದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಧ್ಯಕ್ಷರು ಟೇಬಲ್ಲಿನ ಮೇಲೆ ಪ್ರದರ್ಶನಕ್ಕಿಟ್ಟಿದ್ದ ಸರ್ ಪುಸ್ತಕವನ್ನು ತೆಗೆದುಕೊಂಡು, ನಿಂತಲ್ಲೇ ಹತ್ತು ಹದಿನೈದು ಪುಟ ತಿರುವಿದರು. ಆಮೇಲೆ ಸೀದಾ ಸ್ಟೇಜ್ ಹತ್ತಿ ರವಣಪ್ಪ ಸರ್ ಪಕ್ಕದ ಕುರ್ಚಿಯಲ್ಲಿ ಕೂತರು. ಮೈಕು ಆನ್ ಇತ್ತು.

"ಇಂತ ಮಂಚಿ ಪುಸ್ತಕಂ ರಾಸಿನಾರು. ಮೀರು ಏಂ ಚೇಸ್ತಾರಂಡಿ?"

ಇಷ್ಟು ಒಳ್ಳೆಯ ಪುಸ್ತಕ ಬರೆದಿದ್ದೀರಿ, ನೀವೇನು ಕೆಲಸ ಮಾಡುತ್ತೀರಿ ಎಂದು ಕೇಳಿದ್ದು ನಮ್ಮೂರುಗಳಲ್ಲಿ ಎಲ್ಲರಿಗೂ ಅರ್ಥವಾಗುವ ತೆಲುಗು. ಯಾರೂ ಇದನ್ನು ರಿಹರ್ಸಲ್ ಮಾಡಿಸಿರಲಿಲ್ಲ. ಇವತ್ತೊಂದು ದಿನ ಮೇಷ್ಟ್ರಲ್ಲ ಎಂದು ಹೇಳಿದ್ದರೇ ಹೊರತು, ಮತ್ತೇನು ಎಂದು ಹೇಳಿಕೊಟ್ಟಿರಲಿಲ್ಲ. ಸರ್ ಡೈರೆಕ್ಟರ್ ಕಡೆ ನೋಡಿದರು. ಡೈರೆಕ್ಟರ್ ಸೀಲಿಂಗ್ ನೋಡುತ್ತಿದ್ದರು. ಏನೂ ಮಾಡುವುದಿಲ್ಲ ಎಂದು ಪೇಟ ಹಾಕಿಕೊಂಡು ಹೇಗೆ ಹೇಳುವುದು? ನಮ್ಮ ಕಡೆ ಮನೆತನಸ್ಥ ಗಂಡಸರಿಗೆ ಇಂಥ ಹೊತ್ತಿನಲ್ಲಿ ಬಾಯಿಗೆ ಬರುವ ಉತ್ತರ ಒಂದೇ.

"ವ್ಯವಸಾಯಮಂಡಿ" ಎಂದರು ಸರ್.

"ರೈತುಲಾ! ಏಂ ಪಂಟ?" ಯಾವ ಬೆಳೆ ಎಂದು ಅಧ್ಯಕ್ಷರು ಬಿಡದೆ ಕೇಳಿದರು.

"ದ್ರಾಕ್ಷ."

ನನ್ನ ಪಕ್ಕದಲ್ಲಿ ಸಲ್ಮಾನ್ ಕರವಸ್ತ್ರ ಬಾಯಿಗೆ ತುರುಕಿಕೊಂಡ. ದ್ರಾಕ್ಷಿ ತೋಟ ಇದ್ದದ್ದು ಸರ್ ಅಣ್ಣನಿಗೆ. ಇವರು ಓದಿಗೆಂದು ತಮ್ಮ ಪಾಲನ್ನು ಅಣ್ಣನಿಗೇ ಬಿಟ್ಟುಕೊಟ್ಟಿದ್ದರು ಎಂಬುದನ್ನು ಬಸ್ಸಿನಲ್ಲಿ ಹೋಗುವಾಗ ಅವರೇ ತೋಟ ತೋರಿಸಿ ಹೇಳಿದ್ದರು.

ಅಧ್ಯಕ್ಷರು ಎದ್ದುನಿಂತು ಸರ್ ಕೈ ಹಿಡಿದು ಎತ್ತಿದರು. ಹೊಲ ಉಳುವ ಕೈ ಇಂಥ ಪುಸ್ತಕ ಬರೆಯುತ್ತದೆ ಎಂದರೆ ಅದು ನಿಮ್ಮ ವಿಶ್ವವಿದ್ಯಾಲಯದ ಸಾರ್ಥಕತೆ ಎಂದು ಇಂಗ್ಲಿಷಿನಲ್ಲಿ ಭಾಷಣವನ್ನೇ ಮಾಡಿದರು. ಕೊನೆಯಲ್ಲಿ ಡೈರೆಕ್ಟರ್ ಕಡೆ ತಿರುಗಿದರು. ಇಂಥವರನ್ನು ವರ್ಷಕ್ಕೊಮ್ಮೆ ಪೇಟ ಹಾಕಿ ಕಳಿಸಿಬಿಡುತ್ತೀರಾ? ಹಳೆಯ ವಿದ್ಯಾರ್ಥಿಯ ಸೇವೆ ಎಂದು ವಾರಕ್ಕೊಂದು ಪಾಠ ಮಾಡಿಸಬಾರದೇ?

ಡೈರೆಕ್ಟರ್ ಸೀಲಿಂಗಿನಿಂದ ಕಣ್ಣು ಇಳಿಸಿದರು. ಅಷ್ಟು ಸಂತೋಷವಾಗಿ ಅವರನ್ನು ನಾನು ನೋಡಿಯೇ ಇಲ್ಲ.

"ಬರ್ತಾರೆ ಸರ್. ಪ್ರತಿ ಸೋಮವಾರ, ಫ್ರೀಯಾಗಿ. ಅವರೇ ಕೇಳ್ಕೊಂಡಿದಾರೆ. ಏನ್ರೀ ರವಣಪ್ಪನವ್ರೇ?"

ಸರ್ ಸಭೆಗೆ ಕೈ ಮುಗಿದರು. ಪೇಟ ಸ್ವಲ್ಪ ಸಡಿಲವಿತ್ತು, ಬಗ್ಗಿದಾಗ ಹುಬ್ಬಿನ ತನಕ ಜಾರಿತು. ಮೊದಲು ಚಪ್ಪಾಳೆ ಶುರು ಮಾಡಿದ್ದು ನಾನು ಮತ್ತು ಸಲ್ಮಾನ್.

ಗ್ರೇಡ್ ಬಂತು, ಅಂದುಕೊಂಡದ್ದಕ್ಕಿಂತ ಮೇಲಿನದೇ. ಸೆಂಟರಿನಲ್ಲಿ ಲಾಡು ಹಂಚಿದರು. ಇತಿಹಾಸಕ್ಕೆ ಕಾಯಂ ಹುದ್ದೆಯೂ ಮಂಜೂರಾಯಿತು. ಡೈರೆಕ್ಟರ್ ಸುಳ್ಳು ಹೇಳಿರಲಿಲ್ಲ. ಅರ್ಜಿಗೆ ಇಲ್ಲಿ ಪಾಠ ಮಾಡಿದ ಬಗ್ಗೆ ಸೇವಾನುಭವದ ಪತ್ರ ಲಗತ್ತಿಸಬೇಕಿತ್ತು. ಅದನ್ನು ಕೇಳಲು ಚೇಂಬರಿಗೆ ಹೋದ ರವಣಪ್ಪ ಸರ್ ಅಲ್ಲಿಂದ ಸೀದಾ ನಮ್ಮ ಕ್ಲಾಸಿಗೆ ಬಂದರು. ಬಾಗಿಲು ಮುಂದಕ್ಕೆ ಹಾಕಿ, ಮೇಜು ಹಿಡಿದುಕೊಂಡು ನಿಂತರು.

"ಡೈರೆಕ್ಟರ್ ಕೊಡಲ್ಲ ಅಂತಾವ್ರೆ" ಎಂದರು. "ಟೀಮ್‌ನೋರ ರಿಪೋರ್ಟಲ್ಲಿ ನಾನು ರೈತ ಅಂತ ಬಂದೈತಂತೆ. ರೈತ, ಸಂಶೋಧಕ, ಸಂಬಳ ಇಲ್ದೆ ಪಾಠ ಮಾಡ್ತಾನೆ ಅಂತ. ಅದೇ ದೊಡ್ಡ ಹೈಲೈಟಂತೆ. ಈಗ ಸರ್ವಿಸ್ ಪತ್ರ ಕೊಟ್ರೆ ರಿಪೋರ್ಟಿಗೆ ಕೊಟ್ಟಿದ್ದೆಲ್ಲ ಸುಳ್ಳು ಅಂತಾಗತ್ತೆ, ಗ್ರೇಡ್ ವಾಪಸ್ ಹೋಗತ್ತೆ ಅಂತಾರೆ. ಬೇಕಾದ್ರೆ ಮಕ್ಳನ್ನೇ ಕೇಳ್ಕೊಳ್ಳಿ, ಅವ್ರು ಬಂದು ಹೇಳಿದ್ರೆ ನೋಡೋಣ ಅಂದ್ರು."

ನಾವು ಬೆಂಚಿನ ಮೇಲಿದ್ದ ನೋಟ್ಸ್ ತಿರುವತೊಡಗಿದೆವು. ಸರ್ ಮುಂದುವರಿಸಿದರು.

"ನೀವು ಒಂದು ನಾಲ್ಕು ಜನ ವಿ.ವಿ.ಗೆ ಬಂದು ಒಂದ್ಮಾತು ಹೇಳಿದ್ರೆ ಸಾಕ್ರಪ್ಪ. ಇವ್ರು ನಮ್ಗೆ ಪಾಠ ಮಾಡವ್ರೆ ಅಂತ. ಅಷ್ಟೇ. ನಿಜಾನೇ ಅಲ್ವಾ ಅದು?"

ಸಾಬ್ರೀನ್ ಎದ್ದಳು. "ಸರ್, ಗ್ರೇಡ್ ಹೋದ್ರೆ ನಮ್ ಡಿಗ್ರಿಗೆ ಬೆಲೆ ಇರಲ್ವಲ್ಲ ಸರ್. ಇದೇ ಗ್ರೇಡ್ ನೋಡಿ ನಂಗೆ ಸಂಬಂಧ ಬಂದೈತೆ. ನಮ್ ಅಬ್ಬಾ ನನ್ನ ಸಾಯಿಸ್ಬಿಡ್ತಾರೆ."

"ಕೂತ್ಕೋಮ್ಮ, ಪರ್ವಾಗಿಲ್ಲ. ಸಲ್ಮಾನ್?"

"ಸರ್, ನಾವ್ ಹೇಳಿದ್ರೂ ನಂಬಲ್ಲ. ನೀವೇ ಮೈಕಲ್ಲಿ ಹೇಳಿದ್ರಲ್ಲ, ದ್ರಾಕ್ಷಿ ಅಂತ. ಫುಲ್ ವಿಡಿಯೋ ಐತೆ ನನ್ನತ್ರ. ನಾಲ್ಕು ಸಾವಿರ ವ್ಯೂಸ್ ಆಗೈತೆ."

ಹಿಂದಿನ ಬೆಂಚಿನಲ್ಲಿ ಯಾರೋ "ಸೀಡ್‌ಲೆಸ್ಸಾ ಸಾರ್?" ಎಂದರು. ಕ್ಲಾಸು ನಗೆಯಲ್ಲಿ ಉರುಳಿಬಿತ್ತು. ನಾನೂ ನಕ್ಕೆ, ನಗು ಬಂತು, ನಕ್ಕೆ. ಸರ್ ಅದು ನಿಲ್ಲುವವರೆಗೂ ಕಾದರು. ಆಮೇಲೆ ನನ್ನ ಹೆಸರು ಹಿಡಿದು ಕರೆದರು.

"ಸೌಜನ್ಯಮ್ಮ, ನೀನು ಬರ್ತೀಯಾ?"

"ಎಕ್ಸಾಮ್ ಮುಗೀಲಿ ಸರ್. ಆಮೇಲೆ ನೋಡೋಣ."

ಅರ್ಜಿಯ ಕೊನೆಯ ದಿನ ಆ ಶುಕ್ರವಾರವೇ ಇತ್ತು. ನನಗದು ಗೊತ್ತಿತ್ತು, ನನಗೆ ಗೊತ್ತಿರುವುದು ಅವರಿಗೂ ಗೊತ್ತಿತ್ತು. "ಆಯ್ತಮ್ಮ, ಚೆನ್ನಾಗ್ ಓದ್ಕೋ" ಎಂದರು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಡೈರೆಕ್ಟರ್, ಅವರ ಹಿಂದೆ ಕ್ಯಾಮೆರಾದವನು, ಹಿಂದೆ ಹೂಗುಚ್ಛ ಹಿಡಿದ ಚೈತನ್ಯ ಮೇಡಂ.

"ಓ, ಇಲ್ಲೇ ಇದ್ದೀರಾ, ಒಳ್ಳೇದಾಯ್ತು. ಇವತ್ತು ಸೋಮವಾರ ಅಲ್ವೇನ್ರೀ? ಹಳೆಯ ವಿದ್ಯಾರ್ಥಿಯ ಮೊದಲ್ನೇ ಉಪನ್ಯಾಸ. ವೆಬ್‌ಸೈಟಿಗೆ ಫೋಟೋ ಹಾಕ್ಬೇಕು. ಶುರು ಮಾಡಿ, ಶುರು ಮಾಡಿ."

ಸರ್ ಬೋರ್ಡಿನ ಮುಂದೆ ಹೋದರು. ಒಂದು ಕ್ಷಣ, ಸೀಮೆಸುಣ್ಣ ಬಿಸಾಕಿ ಹೊರಟುಹೋಗುತ್ತಾರೆ ಎಂದೇ ನಾವು ಅಂದುಕೊಂಡೆವು. ಸಲ್ಮಾನ್ ಮೊಬೈಲ್ ಕೂಡ ಎತ್ತಿದ. ಅವರು ಹೋಗಲಿಲ್ಲ. ಇನ್ನೂ ನಾಲ್ಕು ದಿನ ಉಳಿದಿತ್ತು, ಡೈರೆಕ್ಟರ್ ಮನಸ್ಸು ಬದಲಾಯಿಸಲೂಬಹುದು. ಸರ್ ಪಾಠ ಮಾಡಿದರು. ಹೊಸದಾಗಿ ಸಿಕ್ಕ ಶಾಸನವೊಂದನ್ನು ಬೋರ್ಡಿನ ಮೇಲೆ ಬರೆದು, ಸವೆದುಹೋದ ಕಡೆ ಇದ್ದಿರಬಹುದಾದ ಅಕ್ಷರಗಳನ್ನು ಒಂದೊಂದಾಗಿ ಊಹಿಸಿ ತುಂಬಿದರು. ಅಷ್ಟು ಚೆನ್ನಾಗಿ ಅವರು ಯಾವತ್ತೂ ಪಾಠ ಮಾಡಿರಲಿಲ್ಲ. ಚೈತನ್ಯ ಮೇಡಂ ಮುಂದಿನ ಬೆಂಚಿನಲ್ಲಿ ಕೂತು ರೆಕಾರ್ಡ್ ಮಾಡಿಕೊಂಡರು.

ಮುಗಿದ ಮೇಲೆ ಚಪ್ಪಾಳೆ ತಟ್ಟಿದೆವು. ಮೇಷ್ಟ್ರ ಪಾಠಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಅತಿಥಿಗಳಿಗೆ ತಟ್ಟಲೇಬೇಕು. ಅತಿಥಿಗಳು ಬಂದ ಮೇಲೆ ವಂದನಾರ್ಪಣೆಯೂ ಆಗಬೇಕು ಎಂದು ಡೈರೆಕ್ಟರ್ ನನಗೆ ಸನ್ನೆ ಮಾಡಿದರು. ಸೆಂಟರಿನ ಎಲ್ಲ ಕಾರ್ಯಕ್ರಮಗಳಲ್ಲೂ ವಂದನಾರ್ಪಣೆ ನನ್ನದೇ. ಎದ್ದು ಹೋಗಿ ಸರ್ ಪಕ್ಕದಲ್ಲಿ ನಿಂತೆ. ಬಾಯಿಗೆ ತಾನಾಗಿಯೇ ಬಂತು.

"ತಮ್ಮ ತೋಟದ ಕೆಲಸಗಳ ನಡುವೆಯೂ ಬಿಡುವು ಮಾಡಿಕೊಂಡು, ನಮಗಾಗಿ ಬಂದು, ಅಮೂಲ್ಯವಾದ ವಿಚಾರಗಳನ್ನು ಹಂಚಿಕೊಂಡ ನಮ್ಮ ಹೆಮ್ಮೆಯ ಹಳೆಯ ವಿದ್ಯಾರ್ಥಿ ಶ್ರೀಯುತ ವೆಂಕಟರವಣಪ್ಪನವರಿಗೆ ತುಂಬುಹೃದಯದ ಧನ್ಯವಾದಗಳು."

ಡೈರೆಕ್ಟರ್ ಹೂಗುಚ್ಛ ಕೊಟ್ಟರು. ಕ್ಯಾಮೆರಾದವನು ನಗಲು ಹೇಳಿದ, ಸರ್ ನಕ್ಕರು. "ಮುಂದಿನ್ ಸೋಮವಾರ ಇದೇ ಟೈಮಿಗೆ" ಎಂದು ಭುಜ ತಟ್ಟಿ ಡೈರೆಕ್ಟರ್ ಹೊರಟರು. ಸರ್ ಹೂಗುಚ್ಛ ಹಿಡಿದು ಬಾಗಿಲ ತನಕ ಹೋಗಿದ್ದರು. ಚೈತನ್ಯ ಮೇಡಂ ಹಿಂದಿನಿಂದ ಕರೆದರು.

"ಸರ್, ಒಂದ್ನಿಮಿಷ. ಆ ಕೊನೇ ಎರಡು ಸಾಲು ಫೋಟೋದಲ್ಲಿ ಸರಿಯಾಗಿ ಬಂದಿಲ್ಲ. ಇನ್ನೊಂದ್ಸಲ ದೊಡ್ಡದಾಗಿ ಬರೀತೀರಾ? ಈ ಪೋಸ್ಟಿನ ಇಂಟರ್‌ವ್ಯೂಗೆ ಬೇಕಿತ್ತು."

ಸರ್ ವಾಪಸ್ ಬಂದರು. ಹೂಗುಚ್ಛವನ್ನು ಮೇಜಿನ ಮೇಲಿಟ್ಟು, ಡಸ್ಟರಿನಿಂದ ಆ ಜಾಗ ಒರೆಸಿ, ಎರಡೂ ಸಾಲನ್ನು ದಪ್ಪ ದಪ್ಪವಾಗಿ ಬರೆದರು. ಮೇಡಂ ಮೊಬೈಲ್ ಸರಿಹೊಂದಿಸುವವರೆಗೂ ತಮ್ಮ ನೆರಳು ಬೋರ್ಡಿನ ಮೇಲೆ ಬೀಳದಂತೆ ಪಕ್ಕಕ್ಕೆ ಸರಿದು ನಿಂತರು.

"ಬಂತೇನಮ್ಮ?" ಎಂದು ಕೇಳಿದರು.